ನೆಲ ನೋಡುತ್ತಿದ್ದ ಕ್ಯಾಮೆರಾ

ಆ ದೀಪ ಸ್ವಲ್ಪ ಸಣ್ಣಗೆ ಮಾಡಿ. ಹಾಂ, ಅಷ್ಟು ಸಾಕು.

ಇದು ಯಾರೋ ಯಾರಿಗೋ ಹೇಳಿ, ಅವರಿಂದ ನನ್ನ ಕಿವಿಗೆ ಬಿದ್ದದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಅವನ ಬಾಯಿಂದಲೇ ಬಂದದ್ದು, ಅದೂ ಒಂದೇ ಒಂದು ಸಲ. ಎರಡನೇ ಸಲ ಕೇಳಿದರೆ ಎದ್ದು ಹೋಗಿಬಿಡುತ್ತಾನೆ.

ಅವನು ಅಂಗಡಿ, ಗೋದಾಮುಗಳಿಗೆ ಕಾವಲು ಕ್ಯಾಮೆರಾ ಹಾಕುವವನು. ಸ್ಕೂಟರಿನ ಪಕ್ಕಕ್ಕೆ ಯಾವಾಗಲೂ ಒಂದು ಏಣಿ ಕಟ್ಟಿಕೊಂಡೇ ತಿರುಗಾಟ. ನೆಂಟರ ಮನೆಗೆ ಊಟಕ್ಕೆ ಬಂದರೂ ಏಣಿ ಜೊತೆಗೇ ಬರುತ್ತಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ‘ಏಣಿ’. ಕಟ್ಟಿಕೊಂಡ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುವುದು.

ಆವತ್ತು ರಾತ್ರಿ ಗಂಟೆ ಒಂದು ದಾಟಿತ್ತು. ಕೆಲಸ ಮುಗಿಸಿ ಹೊರಟರೆ ಸ್ಕೂಟರ್ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಅದನ್ನು ಅಲ್ಲೇ ಬಿಟ್ಟ. ಏಣಿ ಬಿಡಲು ಮನಸ್ಸು ಬರಲಿಲ್ಲ. ಹೆಗಲ ಮೇಲೆ ಹೊತ್ತುಕೊಂಡು ಸಾಮಿಲ್ಲಿನ ಹಿಂದಿನ ಓಣಿ ಹಿಡಿದ. ಮರ ಕೊಯ್ಯುವ ಮಿಲ್ಲು ಅದು. ಒಂದು ಪಕ್ಕಕ್ಕೆ ಮಿಲ್ಲಿನ ಎತ್ತರದ ಗೋಡೆ, ಇನ್ನೊಂದು ಪಕ್ಕಕ್ಕೆ ಕಬ್ಬಿಣದ ಜಾಲರಿ ಮುಚ್ಚಿದ ಪಾಳುಬಾವಿ. ಏಣಿಯ ಒಂದು ಮೆಟ್ಟಿಲು ಸಡಿಲ. ಹೆಜ್ಜೆಗೊಂದು ಸಲ ಕಿಣ್... ಕಿಣ್... ಅನ್ನುತ್ತಿತ್ತು.

ಬಾವಿ ದಾಟುವಾಗ ಇನ್ನೊಂದು ಸದ್ದು ಕೇಳಿಸಿತು.

ಸರ್‍ರ್...

ನಿಂತ. ಏಣಿಯ ಸದ್ದೂ ನಿಂತಿತು.

ಸರ್‍ರ್...

ಗೋಡೆಯ ಆಚೆ. ನೆಲದ ಮೇಲೆ. ಭಾರದ್ದೇನನ್ನೋ ಮರದ ಹೊಟ್ಟಿನ ಮೇಲೆ ಎಳೆದ ಹಾಗೆ. ಎಳೆದು, ನಿಂತು, ಉಸಿರು ತೆಗೆದುಕೊಂಡು ಮತ್ತೆ ಎಳೆದ ಹಾಗೆ. ಜೊತೆಗೆ ಮೇಲಿಂದ ಸಣ್ಣಗೆ... ಝೀ. ಅದು ಯಾವ ಸದ್ದು ಅಂತ ಅವನಿಗೆ ಗೊತ್ತು. ಮಿಲ್ಲಿನ ಕಂಬದ ಮೇಲೆ ಅವನೇ ಕೂರಿಸಿದ ತಿರುಗುವ ಕ್ಯಾಮೆರಾ. ಯಾರಾದರೂ ಅಲುಗಿದರೆ ತಾನಾಗಿ ಅವರ ಹಿಂದೆ ತಿರುಗುವಂಥದ್ದು. ಕತ್ತೆತ್ತಿ ನೋಡಿದ. ಕ್ಯಾಮೆರಾದ ಕೆಂಪು ದೀಪಗಳು ನೆಲ ನೋಡುತ್ತಿದ್ದವು. ಪ್ರತಿ ಸಲ ಸರ್‍ರ್ ಅಂದಾಗಲೂ ಅದು ಒಂದು ಕೂದಲೆಳೆಯಷ್ಟು ಗೇಟಿನ ಕಡೆಗೆ ತಿರುಗುತ್ತಿತ್ತು.

ನಾಯಿ ಇರಬೇಕು ಅಂದುಕೊಂಡ. ಅಂದುಕೊಂಡು ಕಾಲು ಬೀಸಿ ಹಾಕಿದ.

ಯಾಕೆ ಅಂದರೆ, ಹತ್ತೊಂಬತ್ತು ದಿನದ ಹಿಂದೆ ಆ ಗೋಡೆಯ ಆಚೆಯೇ ಸೀಟಿ ತಾತ ಸತ್ತಿದ್ದರು.

ಸೀಟಿ ತಾತ ಮಿಲ್ಲಿನ ರಾತ್ರಿ ಕಾವಲಿನವರು. ಗಂಟೆಗೊಂದು ಸುತ್ತು, ಸುತ್ತಿಗೊಂದು ಸೀಟಿ. ಆ ರಾತ್ರಿ ದಿಮ್ಮಿಗಳ ಅಟ್ಟಿಗೆ ಕೊಟ್ಟಿದ್ದ ಆನಿಕೆ ಜಾರಿ, ಒಂದು ದಿಮ್ಮಿ ಉರುಳಿ ಅವರ ಎರಡೂ ಕಾಲಿನ ಮೇಲೆ ಬಿತ್ತು. ಹೇಗೋ ಕಾಲು ಬಿಡಿಸಿಕೊಂಡು ಮೊಣಕೈ ಊರಿ ತೆವಳಿದ್ದಾರೆ. ಬೆಳಿಗ್ಗೆ ಕೆಲಸದವರು ಬಂದಾಗ ಗೇಟಿಗೆ ಆರಡಿ ದೂರದಲ್ಲಿ ಬೋರಲಾಗಿ ಬಿದ್ದಿದ್ದರು. ಸೀಟಿ ಇನ್ನೂ ಹಲ್ಲಿನ ನಡುವೆಯೇ ಇತ್ತು. ರಾತ್ರಿಯೆಲ್ಲ ಆ ಸೀಟಿ ಸುತ್ತಲಿನವರಿಗೆ ಕೇಳಿತ್ತು. ಈ ಮುದುಕ ಇವತ್ತು ನಿದ್ದೆ ಮಾಡೋಕೆ ಬಿಡಲ್ಲಪ್ಪ ಅಂತ ಗೊಣಗಿ ಮಗ್ಗುಲು ಬದಲಿಸಿದ್ದರು.

ತಾತನ ಮಗಳು ಬಟ್ಟೆ ಹೊಲಿಯುವವಳು. ಏಣಿಯ ಬೀದಿಯಲ್ಲೇ ಅವಳ ಮನೆ. ಓಣಿ ದಾಟಿ ಅವನು ಬೀದಿಗೆ ಬಂದಾಗ ಅವಳ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಮೆಷಿನ್ ಟಕಟಕಟಕ ಅನ್ನುತ್ತಿದ್ದದ್ದು ಅವನ ಏಣಿಯ ಸದ್ದು ಕೇಳಿ ನಿಂತಿತು.

"ಅಣ್ಣಾ..." ಕಿಟಕಿಯ ಹತ್ತಿರ ಬಂದು ಪಿಸುಮಾತಿನಲ್ಲಿ ಕೇಳಿದಳು. "ಒಂದು ಮಾತು. ಆ ರಾತ್ರಿ ಕ್ಯಾಮೆರಾ ನಿಜವಾಗಿ ಕೆಟ್ಟಿತ್ತಾ?"

"ಕೆಟ್ಟಿತ್ತು ತಂಗೀ."

"ನೀನೇ ನೋಡಿದ್ಯಾ?"

"ನಾನೇ ನೋಡಿದೆ."

ಅವಳು ತಲೆಯಾಡಿಸಿದಳು. "ನಂಗೂ ಆ ರಾತ್ರಿ ಸೀಟಿ ಕೇಳಿಸ್ತು ಅಣ್ಣ. ಅಪ್ಪ ಎಚ್ಚರವಾಗಿದ್ದಾರೆ ಅಂತ ನೆಮ್ಮದಿಯಾಗಿ ನಿದ್ದೆ ಹೋದೆ."

ಏಣಿ ಮನೆಗೆ ಹೋದ. ಹೆಂಡತಿ ಬಡಿಸಿದ್ದು ತಟ್ಟೆಯಲ್ಲೇ ಉಳಿಯಿತು.

ಅವನು ಹೇಳಿದ್ದು ಸುಳ್ಳು. ತಾತ ಸತ್ತ ಬೆಳಿಗ್ಗೆ ಮಿಲ್ಲಿನ ಸಾಹುಕಾರ ಅವನನ್ನು ಕರೆಸಿದ್ದ. ಕ್ಯಾಮೆರಾ ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಏಣಿ ಹತ್ತಿ ನೋಡಿದರೆ ಏನೂ ಆಗಿರಲಿಲ್ಲ. ಬೆಣ್ಣೆಯ ಹಾಗೆ ತಿರುಗುತ್ತಿತ್ತು. "ಸಿಕ್ಕಿಹಾಕ್ಕೊಂಡಿತ್ತು ಅಂತ ಒಂದು ಚೀಟಿ ಬರೆದುಕೊಟ್ಟುಬಿಡು" ಅಂದ ಸಾಹುಕಾರ. "ಪೊಲೀಸರು ಕೇಳ್ತಾರೆ. ನಿಂಗೂ ತಲೆನೋವು ಬೇಡ, ನಂಗೂ ಬೇಡ." ಏಣಿ ಬರೆದುಕೊಟ್ಟ. ಯಂತ್ರದೊಳಗೆ ರಾತ್ರಿಯ ದಾಖಲೆ ಇರುತ್ತದೆ, ತೆಗೆದು ನೋಡಬಹುದಿತ್ತು. ನೋಡಿದರೆ ಏನಾದರೂ ಕಂಡುಬಿಟ್ಟೀತು ಅಂತಲೇ ನೋಡಲಿಲ್ಲ.

ಮರುದಿನ ಸಂಜೆ ಅದೇ ಸಾಹುಕಾರನ ಫೋನ್ ಬಂತು.

"ಏಣಿ, ಈ ಕ್ಯಾಮೆರಾಕ್ಕೆ ಹುಚ್ಚು ಹಿಡಿದಿದೆ. ಯಾರೂ ಇಲ್ಲದಿದ್ರೂ, ಫೋನಲ್ಲಿ ನಾನು ಎಷ್ಟು ಸಲ ನಿಲ್ಲಿಸಿದ್ರೂ, ರಾತ್ರಿಯೆಲ್ಲ ತಿರುಗುತ್ತೆ. ನನ್ನ ಫೋನು ಟಿಂಗ್ ಟಿಂಗ್ ಅಂತ ಪ್ರಾಣ ತೆಗೀತಿದೆ. ಬಂದು ಸರಿಮಾಡು."

ಸಾಹುಕಾರನ ಮನೆ ಮಿಲ್ಲಿನ ಅಂಗಳದ ಒಳಗೇ, ಎಡಗಡೆಗೆ. ಹೆಂಡತಿ ಮಕ್ಕಳನ್ನು ಆ ವಾರ ನೆಂಟರ ಮನೆಗೆ ಕಳಿಸಿದ್ದ. ಏಣಿ ಹೋದಾಗ ಆಫೀಸು ಕೋಣೆಯಲ್ಲಿ ಒಬ್ಬನೇ ಕೂತಿದ್ದ. ಕಣ್ಣು ಕೆಂಡ, ಗಡ್ಡ ಕೆರೆದಿಲ್ಲ.

ಏಣಿ ಮೊದಲು ಕಂಬ ಹತ್ತಿ ಗಾಜು ಒರೆಸಿದ. ಜೇಡರ ಬಲೆ ಕಿತ್ತ. ಕೆಳಗಿಳಿದು ಪರದೆಯ ಮುಂದೆ ಕೂತ.

"ನೋಡಿ ಸಾವ್ಕಾರ್ರೇ, ರಾತ್ರಿ ಬೆಳಕು ಕಮ್ಮಿ ಇದ್ದಾಗ ಚಿತ್ರದಲ್ಲಿ ಹೀಗೆ ಕಾಳುಕಾಳು ಬರುತ್ತೆ. ಆ ಕಾಳು ಅಲುಗುತ್ತಲ್ಲ, ಅದನ್ನೇ ಯಾರೋ ಓಡಾಡ್ತಿದ್ದಾರೆ ಅಂದ್ಕೊಂಡು ಕ್ಯಾಮೆರಾ ಬೆನ್ನು ಹತ್ತುತ್ತೆ. ಸಾಲದ್ದಕ್ಕೆ ನಿಮ್ಮ ಹೊಟ್ಟು ಬೇರೆ ಗಾಳಿಗೆ ಹಾರುತ್ತೆ. ಚಿತ್ರ ತಿಳಿಯಾದ್ರೆ ತಾನಾಗಿ ಸುಮ್ಮನಾಗುತ್ತೆ."

"ಮಾಡು ಮತ್ತೆ. ಮಾತಾಡ್ತಾ ಕೂತ್ರೆ ಆಗುತ್ತಾ?"

ಏಣಿ ಮಾಡಿದ. ಕೆಂಪು ದೀಪದ ಬೆಳಕು ಇಳಿಸಿದ, ಹೊಟ್ಟು ಬೆಳ್ಳಗೆ ಹೊಳೆಯುವುದು ನಿಂತಿತು. ಕಪ್ಪು ಬಿಳುಪು ಬೇರೆಬೇರೆಯಾಗಿ ಎದ್ದು ಕಾಣಲಿ ಅಂತ ಕಾಂಟ್ರಾಸ್ಟ್ ಏರಿಸಿದ. ಕಾಳು ಅಳಿಸುವುದನ್ನು ಹದಕ್ಕೆ ತಂದ; ಅತಿಯಾಗಿ ಅಳಿಸಿದರೆ ಓಡುವ ಮನುಷ್ಯನೂ ಅಳಿಸಿಹೋಗುತ್ತಾನೆ. ಕೊನೆಗೆ, ಆಳೆತ್ತರಕ್ಕಿಂತ ಗಿಡ್ಡ ಇರುವ ಯಾವುದರ ಹಿಂದೆಯೂ ತಿರುಗಬೇಡ ಅಂತ ಅಳತೆ ಕೊಟ್ಟ. ಇನ್ನು ನಾಯಿ, ಬೆಕ್ಕು, ಹೆಗ್ಗಣ ಏನು ಹೋದರೂ ಕ್ಯಾಮೆರಾ ಕತ್ತು ಹೊರಳಿಸುವಂತಿಲ್ಲ.

"ಮುಗೀತು" ಅಂದ.

"ಕೂತ್ಕೋ" ಅಂದ ಸಾಹುಕಾರ. "ಗಂಟೆ ಒಂದು ಹದಿನೇಳು ಆಗ್ಲಿ."

"ಅದ್ಯಾಕೆ?"

"ಕೂತ್ಕೋ ಅಂದೆ."

ಕೂತರು. ಹೊರಗೆ ದಿಮ್ಮಿಗಳು ಬಿಸಿಲ ಕಾವು ಆರಿ ಒಂದೊಂದೇ ಟಕ್ ಅನ್ನುತ್ತಿದ್ದವು. ಗಂಟೆ ಒಂದಾಯಿತು. ಒಂದು ಹತ್ತಾಯಿತು.

ಒಂದು ಹದಿನೇಳು.

ಟಿಂಗ್.

ಪರದೆಯ ಮೇಲೆ, ದಿಮ್ಮಿಗಳ ಅಟ್ಟಿಯ ಬುಡದಲ್ಲಿ, ಹಸಿರು ಗೆರೆಯ ಚೌಕ ಮೂಡಿತು. ಕ್ಯಾಮೆರಾ ಏನನ್ನಾದರೂ ಹಿಡಿದಾಗ ಅದರ ಸುತ್ತ ಹಾಕುವ ಚೌಕ. ಉದ್ದಕ್ಕೆ, ಗಿಡ್ಡಕ್ಕೆ, ನೆಲಕ್ಕೆ ಅಂಟಿಕೊಂಡ ಹಾಗೆ ಇತ್ತು. ಒಳಗೆ ಬರೀ ಹೊಟ್ಟು.

ಸರ್‍ರ್... ಅಂತ ಹೊರಗೆ.

ಚೌಕ ಒಂದು ಮೊಳ ಮುಂದೆ ಸರಿಯಿತು.

"ಇದಾಗಬಾರದು" ಅಂದ ಏಣಿ. "ಗಿಡ್ಡ ಇರೋದನ್ನ ನೋಡಬೇಡ ಅಂತ ಹೇಳಿದೀನಿ." ಕಾಂಟ್ರಾಸ್ಟನ್ನು ಇನ್ನಷ್ಟು ಏರಿಸಿದ. ಚೌಕದೊಳಗೆ ಕಪ್ಪಗೆ ಏನೋ ಕಂಡಿತು, ಬಟ್ಟೆಗೆ ಮಸಿ ಒರೆಸಿದ ಹಾಗೆ. ಅಲುಗುವುದು ಹೀಗೆ ಒರೆಸಿಕೊಂಡು ಕಂಡರೆ ಶಟರ್ ನಿಧಾನ ಅಂತ ಅರ್ಥ. ಶಟರ್ ಚುರುಕು ಮಾಡಿದ. ಒರೆಸಿದ್ದು ಒಂದುಗೂಡಿತು. ಒಂದು ಮೊಣಕೈ ಮುಂದೆ ಬಂತು... ಊರಿತು... ಎಳೆಯಿತು.

ಏಣಿ ಬೆರಳು ತೆಗೆದ.

"ಕಂಡ್ತಾ?" ಅಂದ ಸಾಹುಕಾರ.

"ಏನು?"

"ಏನಿಲ್ಲ." ಬಾಗಿಲ ಕಡೆ ಕೈ ತೋರಿಸಿ, "ಹೊರಗೆ ಹೋಗಿ ನೋಡು."

"ನಾನಾ?"

"ಕ್ಯಾಮೆರಾ ನಿಂದು ತಾನೇ?"

ಏಣಿ ಹೇಡಿಯಲ್ಲ. ಬಾಗಿಲು ತೆರೆದು ಹೊರಬಿದ್ದ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಫೋನು. ಸಾಹುಕಾರ ಒಳಗೆ ಪರದೆಯ ಮುಂದೆ ಕೂತು ಫೋನಿನಲ್ಲಿ ದಾರಿ ಹೇಳುತ್ತಿದ್ದ.

ಅಂಗಳದ ನಡುವೆ ನಿಂತು ಟಾರ್ಚು ಬಿಟ್ಟ. ಹೊಟ್ಟು ಸಪಾಟಾಗಿತ್ತು. ಎಳೆದ ಗುರುತಿಲ್ಲ. ನಾಯಿಯ ಹೆಜ್ಜೆ ಕೂಡ ಇಲ್ಲ.

"ಸಾವ್ಕಾರ್ರೇ, ಇಲ್ಲೇನೂ ಇಲ್ಲ."

ಫೋನಿನಲ್ಲಿ ಬರೀ ಉಸಿರು.

"ಸಾವ್ಕಾರ್ರೇ... ಎಲ್ಲಿದೆ ಈಗ?"

"ನಿಂತ್ಕೋ" ಅಂದ ಸಾಹುಕಾರ, ಬಹಳ ಸಣ್ಣ ದನಿಯಲ್ಲಿ. "ಅಲುಗಬೇಡ."

"ಎಲ್ಲಿ?"

"ನಿನ್ನ ಕಾಲ ಹತ್ರ."

ಏಣಿ ಟಾರ್ಚನ್ನು ಕೆಳಗೆ ಬಿಡಲಿಲ್ಲ. ಬಿಡಲು ಆಗಲಿಲ್ಲ. ಮೇಲೆ ಕಂಬದಲ್ಲಿ ಝೀ ಅಂದು ಕ್ಯಾಮೆರಾ ನೇರ ಅವನ ಪಾದ ನೋಡಿ ನಿಂತಿತ್ತು. ಅವನ ಎಡಗಾಲಿನ ಪ್ಯಾಂಟಿನ ಅಂಚನ್ನು ಯಾರೋ ಎರಡು ಬೆರಳಲ್ಲಿ ಹಿಡಿದ ಹಾಗಾಯಿತು. ಎಳೆಯಲಿಲ್ಲ. ಹಿಡಿದುಕೊಂಡದ್ದಷ್ಟೇ.

"ತಾತಾ..." ಅಂದ. "ಚೀಟಿ ಬರೆದವನು ನಾನೇ. ತಪ್ಪಾಯ್ತು."

ಬೆರಳು ಬಿಟ್ಟಿತು. ಸರ್‍ರ್... ಸದ್ದು ಅವನನ್ನು ಬಳಸಿಕೊಂಡು ಗೇಟಿನ ಕಡೆ ಹೋಯಿತು. ಗೇಟಿಗೆ ಆರಡಿ ಇರುವಾಗ ನಿಂತಿತು. ಆಮೇಲೆ ಏನೂ ಇಲ್ಲ.

ಅವನು ಒಳಗೆ ಬಂದಾಗ ಸಾಹುಕಾರ ಕುರ್ಚಿಯಲ್ಲಿರಲಿಲ್ಲ. ಹಿಂದಿನ ಬಚ್ಚಲಿನಲ್ಲಿ ಮುಖಕ್ಕೆ ನೀರು ಎರಚಿಕೊಳ್ಳುವ ಸದ್ದು ಬರುತ್ತಿತ್ತು. ಏಣಿ ಪರದೆಯ ಮುಂದೆ ಕೂತು, ತಾತ ಸತ್ತ ಬೆಳಿಗ್ಗೆ ಮಾಡದ ಕೆಲಸ ಮಾಡಿದ. ಆ ರಾತ್ರಿಯ ದಾಖಲೆ ತೆಗೆದ. ಚಿತ್ರವನ್ನೆಲ್ಲ ಯಾರೋ ಅಳಿಸಿದ್ದರು. ಆದರೆ ಯಾವ ಗಂಟೆಗೆ ಕ್ಯಾಮೆರಾ ಏನು ಮಾಡಿತು, ಯಾರು ಮಾಡಿಸಿದರು ಅನ್ನುವ ಸಾಲುಗಳು ಬೇರೆ ಕಡೆ ಇರುತ್ತವೆ. ಅದು ಸಾಹುಕಾರನಿಗೆ ಗೊತ್ತಿರಲಿಲ್ಲ.

ಒಂದು ಹದಿನೇಳು. ಕ್ಯಾಮೆರಾ ಚಲನೆ ಹಿಡಿದಿದೆ.

ಒಂದು ಹತ್ತೊಂಬತ್ತು. ಸಾಹುಕಾರನ ಫೋನಿನಿಂದ ಕ್ಯಾಮೆರಾ ಗೋಡೆಯ ಕಡೆ ತಿರುಗಿದೆ.

ಒಂದು ಇಪ್ಪತ್ತೆರಡು. ಕ್ಯಾಮೆರಾ ತಾನಾಗಿ ಮರಳಿ ಬಂದು ಮತ್ತೆ ಚಲನೆ ಹಿಡಿದಿದೆ. ಒಂದು ಇಪ್ಪತ್ಮೂರು. ಮತ್ತೆ ಗೋಡೆಯ ಕಡೆ, ಅದೇ ಫೋನಿನಿಂದ.

ಏಣಿ ಬೆರಳಿಟ್ಟು ಎಣಿಸಿದ. ಹನ್ನೊಂದು ಸಲ. ಹನ್ನೊಂದು ಸಲ ಆ ಯಂತ್ರ ತೆವಳುತ್ತಿದ್ದ ಮನುಷ್ಯನನ್ನು ಹುಡುಕಿಕೊಂಡು ಮರಳಿ ಬಂದಿತ್ತು. ಹನ್ನೊಂದು ಸಲವೂ ಸಾಹುಕಾರ ಹಾಸಿಗೆಯಲ್ಲಿ ಮಲಗಿಕೊಂಡು, ಹೆಬ್ಬೆರಳಲ್ಲಿ ಅದರ ಮುಖ ತಿರುಗಿಸಿದ್ದ. ಕೊನೆಯ ಸಾಲು: ನಾಲ್ಕು ಐವತ್ತು. ಹಿಂಬಾಲಿಸುವುದನ್ನು ನಿಲ್ಲಿಸಲಾಗಿದೆ.

ನಾಲ್ಕು ಐವತ್ತರ ತನಕ ತಾತ ಅಲುಗುತ್ತಿದ್ದರು.

"ಏನು ನೋಡ್ತಿದ್ದೀಯ?"

ಸಾಹುಕಾರ ಮುಖ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ. ಏಣಿ ಪರದೆ ಮುಚ್ಚಲಿಲ್ಲ.

"ನೋಡಿದ್ರಲ್ಲ ಆ ರಾತ್ರಿ. ಕೈ ಎತ್ತಿದ್ರಾ ತಾತ?"

ಸಾಹುಕಾರ ಪರದೆ ನೋಡಿದ. ಆಮೇಲೆ ಕೂತ. "ಆನಿಕೆ ಸಡಿಲ ಆಗಿದೆ, ಬದಲಾಯಿಸಿ ಅಂತ ಅವನೇ ಎರಡು ಸಲ ಹೇಳಿದ್ದ. ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಅದನ್ನೇ ಹೇಳ್ತಿದ್ದ. ಮಿಲ್ಲಿಗೆ ಬೀಗ ಬೀಳ್ತಿತ್ತು." ಎರಡೂ ಅಂಗೈ ತೋರಿಸಿ, "ನಾನೇನು ಮಾಡಿದೆ? ನಾನು ಅವನ್ನ ಮುಟ್ಟಿಲ್ಲ."

"ಇಲ್ಲ. ಮುಟ್ಟಿಲ್ಲ."

"ಚೀಟಿ ಬರೆದವನು ನೀನು. ಅದು ನೆನಪಿರಲಿ." ಸಾಹುಕಾರನಿಗೆ ದನಿ ಮರಳಿ ಬಂದಿತ್ತು. "ಈಗ ಹೇಳಿದ್ದಷ್ಟು ಮಾಡು. ಅದು ಕಾಣಬಾರದು. ನೆಲಕ್ಕೆ ಕಪ್ಪು ಪಟ್ಟಿ ಹಾಕ್ತೀಯೋ, ಮಬ್ಬು ಮಾಡ್ತೀಯೋ, ನಿಂಗೆ ಬಿಟ್ಟದ್ದು. ನನ್ನ ಫೋನು ಟಿಂಗ್ ಅನ್ನಬಾರದು."

ಏಣಿ ಪರದೆಯ ಕಡೆ ತಿರುಗಿದ. ಕೆಲಸ ಶುರು ಮಾಡಿದ. ಮೊದಲು ಆ ಸಾಲುಗಳನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಆಮೇಲೆ, ಗಿಡ್ಡ ಇರುವುದನ್ನು ನೋಡಬೇಡ ಅಂತ ತಾನೇ ಕೊಟ್ಟ ಅಳತೆ ಅಳಿಸಿದ. ಚುರುಕುತನ ತುದಿಗೆ ಏರಿಸಿದ. ಚಿತ್ರವನ್ನು ಎಷ್ಟು ತಿಳಿ ಮಾಡಬಹುದೋ ಅಷ್ಟು ಮಾಡಿದ. ಒಮ್ಮೆ ಹಿಡಿದದ್ದನ್ನು ಬಿಡಬೇಡ ಅಂತ ಹೇಳಿದ. ಕೊನೆಗೆ ಪಾಸ್‌ವರ್ಡ್ ಬದಲಾಯಿಸಿದ. ಇನ್ನು ಸಾಹುಕಾರ ತನ್ನ ಫೋನಿನಲ್ಲಿ ನೋಡಬಹುದು. ತಿರುಗಿಸುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ.

"ಆಯ್ತಾ?" ಅಂದ ಸಾಹುಕಾರ.

"ಆಯ್ತು ಸಾವ್ಕಾರ್ರೇ" ಅಂದ ಏಣಿ. "ಸರಿ ಮಾಡಿದೀನಿ."

ಮರುದಿನ ಹಗಲೆಲ್ಲ ಅವನು ಮನೆ ಬಿಟ್ಟು ಹೊರಬೀಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎದ್ದು ತಾತನ ಮಗಳ ಮನೆಗೆ ಹೋದ. ಹೋದವನು ನಿಂತೇ ಎಲ್ಲ ಹೇಳಿದ. ಚೀಟಿಯ ಸುಳ್ಳು, ಒಂದು ಹದಿನೇಳು, ಹನ್ನೊಂದು ಸಲ, ನಾಲ್ಕು ಐವತ್ತು. ಅವಳು ಒಂದು ತೋಳು ಹೊಲಿಯುತ್ತಿದ್ದಳು. ಸೂಜಿ ಬಟ್ಟೆಯಲ್ಲಿ ಚುಚ್ಚಿಕೊಂಡೇ ನಿಂತಿತ್ತು.

"ನಿನ್ನ ಮುಖಕ್ಕೆ ಉಗೀಬೇಕು ಅಣ್ಣ" ಅಂದಳು ಕೊನೆಗೆ, ದನಿ ಏರಿಸದೆ.

"ಉಗಿ."

ಅವಳು ಉಗಿಯಲಿಲ್ಲ. ಲ್ಯಾಪ್‌ಟಾಪಿನಲ್ಲಿ ಆ ಸಾಲುಗಳನ್ನು ಒಂದೊಂದಾಗಿ ಓದಿದಳು. ಆಮೇಲೆ, "ಇವತ್ತು ರಾತ್ರೀನೂ ಬರ್ತಾರಾ ಅಪ್ಪ?" ಅಂದಳು.

"ಗೊತ್ತಿಲ್ಲ."

"ಇದರಲ್ಲಿ ಕಾಣುತ್ತಾ?"

"ಕಾಣುತ್ತೆ."

"ಹಾಗಾದ್ರೆ ಕೂತ್ಕೋ."

ರಾತ್ರಿ ಇಬ್ಬರೂ ಹೊಲಿಗೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಒಂದು ಹದಿನೇಳಕ್ಕೆ ಅಟ್ಟಿಯ ಬುಡದಲ್ಲಿ ಹಸಿರು ಚೌಕ ಮೂಡಿತು. ಚಿತ್ರ ಹಗಲಿನ ಹಾಗಿತ್ತು. ಮಗಳು ಹತ್ತಿರ ಬಗ್ಗಿ ನೋಡಿದಳು. ಅವಳಿಗೆ ಏನು ಕಂಡಿತೋ ಏಣಿ ಕೇಳಲಿಲ್ಲ. "ಅಂಗಿಯ ತೋಳು ಹರಿದಿದೆ" ಅಂದಳು. ಅಷ್ಟೇ.

ಚೌಕ ಸರಿಯಿತು. ನಿಂತಿತು. ಸರಿಯಿತು. ಅಂಗಳದ ನಡುವೆ ಬಂದದ್ದು ಗೇಟಿನ ಕಡೆ ಹೋಗಲಿಲ್ಲ. ಎಡಕ್ಕೆ ತಿರುಗಿತು.

"ಆ ಕಡೆ ಏನಿದೆ ಅಣ್ಣ?"

"ಸಾವ್ಕಾರನ ಮನೆ."

ಆಗ ಪರದೆಯ ಮೂಲೆಯಲ್ಲಿ ಒಂದು ಸಾಲು ಬಂತು. ಬೇರೆ ಫೋನಿನಿಂದ ಪ್ರಯತ್ನ, ಅನುಮತಿ ಇಲ್ಲ. ಮತ್ತೆ ಬಂತು. ಮತ್ತೆ.

"ಅದೇನು?"

"ಅವನೇ. ಕ್ಯಾಮೆರಾ ತಿರುಗಿಸೋಕೆ ನೋಡ್ತಿದ್ದಾನೆ."

"ತಿರುಗುತ್ತಾ?"

"ಇಲ್ಲ."

ಸಾಲುಗಳು ಒಂದರ ಕೆಳಗೊಂದು ಬೀಳುತ್ತಲೇ ಇದ್ದವು. ಚೌಕ ಮನೆಯ ಮೊದಲ ಮೆಟ್ಟಿಲಿಗೆ ಬಂತು. ಎರಡನೆಯದು ಹತ್ತಿತು. ಮೂರನೆಯದು. ಬಾಗಿಲಿಗೆ ಆತುಕೊಂಡು ಸ್ವಲ್ಪ ಹೊತ್ತು ಇತ್ತು. ಆಮೇಲೆ ಇರಲಿಲ್ಲ. ಬಾಗಿಲು ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

ಮೇಲಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಒಂದು ನಿಮಿಷ... ಎರಡು... ಎಂಟು ನಿಮಿಷ. ಮೂಲೆಯ ಸಾಲುಗಳು ನಿಂತವು. ಆಮೇಲೆ ಆ ದೀಪ ಆರಿತು.

ಕ್ಯಾಮೆರಾ ಗರ್ರನೆ ಹಿಂದಕ್ಕೆ ತಿರುಗಿತು. ಅಟ್ಟಿಯ ಬುಡದಲ್ಲಿ, ಹೊಟ್ಟಿನ ಮೇಲೆ, ಸಾಹುಕಾರ ಬೋರಲು ಬಿದ್ದಿದ್ದ.

ಅಟ್ಟಿಯ ಒಂದು ದಿಮ್ಮಿಯೂ ಅಲುಗಿರಲಿಲ್ಲ. ಕಾಲ ಮೇಲೆ ಏನೂ ಇರಲಿಲ್ಲ. ಆದರೂ ಅವನು ಏಳುತ್ತಿರಲಿಲ್ಲ. ಮೊಣಕೈ ಮುಂದೆ ಹಾಕಿ, ಊರಿ, ಮೈ ಎಳೆದುಕೊಂಡ. ಅವನ ಸುತ್ತ ಹಸಿರು ಚೌಕ ಕೂತಿತು. ಅವನ ಪಕ್ಕದಲ್ಲಿ, ಬರಿದಾದ ಜಾಗದಲ್ಲಿ, ಇನ್ನೊಂದು ಚೌಕ ಇತ್ತು. ಅದು ಗಿಡ್ಡ ಇರಲಿಲ್ಲ. ಆಳೆತ್ತರ ಇತ್ತು. ಸಾಹುಕಾರ ಒಂದು ಮೊಳ ತೆವಳಿದರೆ ಅದೂ ಒಂದು ಹೆಜ್ಜೆ ಇಡುತ್ತಿತ್ತು. ಸಾಹುಕಾರ ನಿಂತರೆ ಅದೂ ಕಾಯುತ್ತಿತ್ತು.

ಎರಡೂವರೆ ಹೊತ್ತಿಗೆ ಸಾಹುಕಾರ ತಲೆ ಎತ್ತಿ ಕ್ಯಾಮೆರಾ ನೋಡಿದ. ಕೈ ಎತ್ತಿದ. ಬಾಯಿ ತೆರೆದು ಮುಚ್ಚಿತು. ಯಾರಾದರೂ ನೋಡುತ್ತಿದ್ದಾರೆ ಅಂತ ಅವನಿಗೆ ಗೊತ್ತಿತ್ತು.

ಏಣಿ ಫೋನು ತೆಗೆದ. "ಆಂಬುಲೆನ್ಸಿಗೆ..."

ಅವಳು ಅವನ ಕೈ ಮೇಲೆ ಕೈ ಇಟ್ಟಳು. ಹೊಲಿದು ಹೊಲಿದು ಗಟ್ಟಿಯಾದ ಬೆರಳು.

"ಬೇಡ."

"ಸಾಯ್ತಾನೆ ತಂಗೀ."

"ಅಪ್ಪ ಕಾಯಲಿಲ್ವಾ?"

ಅವನು ಫೋನು ಕೆಳಗಿಟ್ಟ. ಅದೇ ಅವನು ಇವತ್ತಿಗೂ ಎರಡನೇ ಸಲ ಹೇಳಲಾರದ ಜಾಗ.

ಅವಳು ಮೆಷಿನ್ನಿನ ಮುಂದೆ ಕೂತಳು. ನಿಲ್ಲಿಸಿದ್ದ ತೋಳನ್ನು ಮತ್ತೆ ಹಿಡಿದಳು. ಟಕಟಕಟಕ. ಒಂದು ತೋಳು ಮುಗಿಯಿತು. ಇನ್ನೊಂದು ತೋಳು ಮುಗಿಯಿತು. ಕಾಲರ್ ಕೂರಿಸಿದಳು. ಗುಂಡಿ ಹಾಕಲು ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಯಿತು. ನಡುನಡುವೆ ಪರದೆಯ ಕಡೆ ಕತ್ತೆತ್ತಿ ನೋಡುತ್ತಿದ್ದಳು. ಏಣಿ ಗೋಡೆ ನೋಡುತ್ತಿದ್ದ. ಆಗಾಗ ಮಿಲ್ಲಿನ ಕಡೆಯಿಂದ, ಎರಡು ಬೀದಿ ದಾಟಿ, ಯಾರೋ ಕೂಗಿದ ಹಾಗೆ ಸಣ್ಣಗೆ ಕೇಳುತ್ತಿತ್ತು. ಬೀದಿಯಲ್ಲಿ ಯಾರ ಮನೆಯ ದೀಪವೂ ಹತ್ತಲಿಲ್ಲ.

"ಎಷ್ಟಾಯ್ತು ಅಣ್ಣ?"

"ನಾಲ್ಕು ನಲವತ್ತು."

ಕೊನೆಯ ಗುಂಡಿಯ ದಾರ ಹಲ್ಲಿನಿಂದ ಕಡಿದಳು. ಅಂಗಿ ಮಡಚಿದಳು. ಮೆಷಿನ್ನಿಗೆ ಬಟ್ಟೆ ಹೊದಿಸಿದಳು. ಕೂತು ಕಾದಳು.

"ಈಗ?"

"ಐವತ್ತು."

"ಈಗ ಫೋನ್ ಮಾಡು."

ಸಾಹುಕಾರ ಸಾಯಲಿಲ್ಲ. ಗೇಟಿನ ಹತ್ತಿರ ಅವನನ್ನು ಎತ್ತಿದಾಗ ಅಂಗಿಯ ಎರಡೂ ಮೊಣಕೈ ಸವೆದು ಚರ್ಮ ಕಾಣುತ್ತಿತ್ತು, ಉಗುರಿನ ತುಂಬ ಹೊಟ್ಟು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿದರು. ಕಾಲಿನ ಮೂಳೆ ಒಂದೂ ಮುರಿದಿರಲಿಲ್ಲ, ಸೊಂಟಕ್ಕೂ ಏನೂ ಆಗಿರಲಿಲ್ಲ. ಆದರೂ ಅವನು ಮತ್ತೆ ನಿಲ್ಲಲಿಲ್ಲ. ಆ ಸಾಲುಗಳು ಪೊಲೀಸರಿಗೆ ಹೋದವು. ಮಿಲ್ಲಿಗೆ ಬೀಗ ಬಿತ್ತು. ಏಣಿ ತಾನೇ ಠಾಣೆಗೆ ಹೋಗಿ ಚೀಟಿ ಸುಳ್ಳು ಅಂತ ಹೇಳಿಕೆ ಕೊಟ್ಟ. ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ತಾತನ ಮಗಳು ಅದೇ ಮನೆಯಲ್ಲಿದ್ದಾಳೆ. ಅವನನ್ನು ಕಂಡರೆ ಮಾತಾಡಿಸುತ್ತಾಳೆ, ಒಳಗೆ ಕರೆಯುವುದಿಲ್ಲ.

ಕನಸು ಕಂಡಿರಬೇಕು, ಭ್ರಮೆ ಇರಬೇಕು, ಸಾಹುಕಾರ ಪಾಪಪ್ರಜ್ಞೆಯಿಂದ ತಾನೇ ಎದ್ದು ಹೊರಗೆ ಬಂದಿರಬೇಕು ಅಂತ ನೀವು ಹೇಳಬಹುದು. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಆ ಬೆಳಿಗ್ಗೆ ಅವನ ಆಸ್ಪತ್ರೆಯ ಕಾಗದ, ಬಟ್ಟೆ ತರಲು ಅಂತ ಜನ ಅವನ ಮನೆಗೆ ಹೋದರು. ಮೇಲಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಬಡಗಿಯನ್ನು ಕರೆಸಿ ಒಡೆಸಿದರು. ಆ ಬಡಗಿ ನಮ್ಮ ಚಿಕ್ಕಪ್ಪನ ಬಾಡಿಗೆ ಮನೆಯಲ್ಲೇ ಇದ್ದಾನೆ, ಬೇಕಾದರೆ ನಾಳೆ ಹೋಗಿ ಕೇಳಿ. ಕೋಣೆಗೆ ಇರುವುದು ಒಂದೇ ಬಾಗಿಲು. ಕಿಟಕಿಗೆ ಕಬ್ಬಿಣದ ಸರಳು.

ಬಾಗಿಲ ಚಿಲಕ ಒಳಗಿಂದ ಹಾಕಿತ್ತು.